ಕೀಳದೆ ಬಿಟ್ಟ ಆರು ವಾರ

ಅವ್ವನ ರೆಪ್ಪೆಗಳ ಮೇಲೆ ನನಗೆ ಚಿಕ್ಕಂದಿನಿಂದಲೂ ಸಿಟ್ಟು. ಎಲ್ಲರ ರೆಪ್ಪೆಕೂದಲು ಹೊರಕ್ಕೆ ಬಾಗಿದ್ದರೆ ಅವಳವು ಒಳಕ್ಕೆ ಬಾಗಿ ಕಣ್ಣುಗುಡ್ಡೆಯನ್ನೇ ಗೀಚುತ್ತಿದ್ದವು. ಯಾವಾಗ ನೋಡಿದರೂ ಕಣ್ಣಲ್ಲಿ ನೀರು, ಮೂಲೆಯಲ್ಲಿ ಗೀಜು. ಸೆರಗಿನ ತುದಿಯನ್ನು ಕಣ್ಣಿಗೆ ಒತ್ತಿಕೊಂಡೇ ಮಾತಾಡುತ್ತಿದ್ದಳು. ನನ್ನನ್ನು ಶಾಲೆಗೆ ಬಿಡಲು ಬಂದಾಗ ಮೇಷ್ಟ್ರು "ಯಾಕವ್ವ ಅಳ್ತಿದ್ದೀಯ?" ಎಂದು ಕೇಳಿದರೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಅವಳು ಅಳುವವಳೇ ಅಲ್ಲ. ಬೇರೆಯವರನ್ನು ಅಳಿಸುವವಳು.

ಹುಡುಗಿಯಾಗಿದ್ದಾಗ ಮತ್ತೆ ಮತ್ತೆ ಬಂದ ಕಣ್ಣುಬೇನೆ ರೆಪ್ಪೆಯ ಒಳಮೈಯಲ್ಲಿ ಗಾಯ ಮಾಡಿ, ಆ ಗಾಯ ಮಾಯುವಾಗ ಅಂಚು ಒಳಕ್ಕೆ ಮುದುಡಿಕೊಳ್ಳುತ್ತದೆ ಎಂದು ಈಗ ನನಗೆ ಗೊತ್ತು. ಆಗ ಗೊತ್ತಿದ್ದದ್ದು ಒಂದೇ ಮದ್ದು, ಕೀಳುವುದು. ಹದಿನೈದು ದಿನಕ್ಕೊಮ್ಮೆ ಅವ್ವ ಬೆಳಗಿನ ಬಿಸಿಲಿಗೆ ಮುಖ ಕೊಟ್ಟು ಪಕ್ಕದ ಮನೆಯ ದೊಡ್ಡವ್ವನ ತೊಡೆಯ ಮೇಲೆ ತಲೆಯಿಡುತ್ತಿದ್ದಳು. ದೊಡ್ಡವ್ವ ಬೆರಳ ತುದಿಗೆ ಒಲೆಬೂದಿ ಹಚ್ಚಿಕೊಂಡು ರೆಪ್ಪೆಯನ್ನು ಹಿಡಿದೆತ್ತುವಳು. ಬೂದಿ ಇಲ್ಲದಿದ್ದರೆ ಒದ್ದೆ ರೆಪ್ಪೆ ಜಾರುತ್ತದೆ. ಕಾಲಿನ ಮುಳ್ಳು ತೆಗೆಯುವ ಹಿತ್ತಾಳೆ ಚಿಮಟ ಅವ್ವನ ಎಲೆಅಡಿಕೆ ಚೀಲದಲ್ಲೇ ಇರುತ್ತಿತ್ತು. ಅದರಿಂದ ಒಂದೊಂದೇ ಕೂದಲು ಕಿತ್ತು, ಕೊನೆಗೆ ಒಂದು ತೊಟ್ಟು ಹರಳೆಣ್ಣೆ. ನಮ್ಮ ಕೇರಿಯಲ್ಲಿ ಇಂಥ ಕಣ್ಣಿನ ಹೆಂಗಸರು ಇನ್ನೂ ಇಬ್ಬರು ಮೂವರಿದ್ದರು. ಮದುವೆಗಾಗಲಿ ಸಂತೆಗಾಗಲಿ, ನಾಲ್ಕು ಜನರೆದುರು ನಿಲ್ಲಬೇಕಾದಲ್ಲಿಗೆ ಹೊರಟರೆ ಹಿಂದಿನ ದಿನ ಕಿತ್ತುಕೊಂಡೇ ಹೊರಡುವುದು ಅವರ ರೂಢಿ. ಹೊಸ ಸೀರೆ ಉಡುವಷ್ಟೇ ಸಹಜ.

ನನ್ನ ಕೆಲಸ ಹುಳ ಎಣಿಸುವುದು. ನಗಬೇಡಿ, ಅದಕ್ಕೂ ಕೃಷಿ ಡಿಪ್ಲೊಮಾ ಬೇಕು. ಬಯಲುಸೀಮೆಯ ಒಬ್ಬ ವಿಜ್ಞಾನಿ ನಮ್ಮ ಬೆಟ್ಟದ ಗೆಟ್ಟವಾಡಿಯ ಜಮೀನುದಾರರೊಬ್ಬರ ಹೊಲದಲ್ಲಿ ಎಲೆಕೋಸಿನ ಹುಳದ ಮೇಲೆ ಪ್ರಯೋಗ ಹೂಡಿದ್ದರು. ಮುಟ್ಟಿದರೆ ನೂಲು ಬಿಟ್ಟು ಜೋತಾಡುವ ಸಣ್ಣ ಹಸಿರು ಹುಳ. ಎಲೆಯನ್ನು ಜರಡಿ ಮಾಡಿಬಿಡುತ್ತದೆ, ಎಷ್ಟು ಔಷಧಿ ಹೊಡೆದರೂ ಅದಕ್ಕೆ ಲೆಕ್ಕವಿಲ್ಲ. ಕೆಲವು ಪಾತಿಗಳಿಗೆ ರೈತರು ಹೊಡೆಯುವ ಔಷಧಿ, ಕೆಲವಕ್ಕೆ ಬೇವಿನ ಕಷಾಯ, ಕೆಲವಕ್ಕೆ ಹುಳವನ್ನು ತನ್ನತ್ತ ಸೆಳೆಯಲಿ ಎಂದು ಸುತ್ತ ಸಾಸಿವೆ ಸಾಲು. ಒಂದಿಷ್ಟು ಪಾತಿಗಳಿಗೆ ಏನೂ ಇಲ್ಲ. ಅವನ್ನು ಹುಳಕ್ಕೆ ಬಿಟ್ಟುಕೊಟ್ಟು ಸುಮ್ಮನೆ ನೋಡುವುದು. ಏನೂ ಮಾಡದಿದ್ದರೆ ಎಷ್ಟು ಹಾಳಾಗುತ್ತದೆ ಎಂದು ಗೊತ್ತಾದರೆ ತಾನೇ ಉಳಿದದ್ದು ಎಷ್ಟು ಕೆಲಸ ಮಾಡಿತು ಎಂದು ಹೇಳುವುದು? ಕೂಲಿಗೆ ಬರುತ್ತಿದ್ದ ಹೆಂಗಸರು ಅವುಗಳಿಗೆ ದಿಕ್ಕಿಲ್ಲದ ಪಾತಿ ಎಂದು ಹೆಸರಿಟ್ಟಿದ್ದರು. ಆ ಹೆಂಗಸರಲ್ಲಿ ಅವ್ವನೂ ಒಬ್ಬಳು.

ವಿಜ್ಞಾನಿ ಬಂದ ದಿನ ಜಮೀನುದಾರರು ಜಗಲಿಗೆ ಎರಡು ಕುರ್ಚಿ ತರಿಸುತ್ತಿದ್ದರು, ಒಂದು ನನಗೂ. ಅವರು ಬಾರದ ದಿನ ನಾನು ಪಂಪಿನ ಬಳಿ ಬೊಗಸೆಯಲ್ಲಿ ನೀರು ಕುಡಿಯುತ್ತಿದ್ದೆ. ನನಗೆ ಇದು ತಿಳಿಯುತ್ತಿರಲಿಲ್ಲ ಎಂದುಕೊಳ್ಳಬೇಡಿ. ತಿಳಿದೂ ಆ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದೆ. ಹತ್ತು ಹೆಜ್ಜೆ ಆಚೆ ಅವ್ವ ಬಗ್ಗಿ ಕಳೆ ಕೀಳುತ್ತಿದ್ದಳು. ನಾನು ಆ ಕಡೆ ನೋಡುತ್ತಿರಲಿಲ್ಲ.

ಒಂದು ಎಣಿಕೆಯ ದಿನ ದಿಕ್ಕಿಲ್ಲದ ಪಾತಿಯಲ್ಲಿ ಹುಳವೇ ಇರಲಿಲ್ಲ. ಎಲೆ ತುಂಬ ತೂತು, ತೂತು ಮಾಡಿದವರು ಮಾತ್ರ ನಾಪತ್ತೆ. ವಿಜ್ಞಾನಿ ತಾವೇ ಮಂಡಿಯೂರಿ ಗಿಡಗಿಡವನ್ನೂ ಮಗುಚಿ ನೋಡಿ, ನನ್ನನ್ನು ನೋಡಿದರು. ಕಳ್ಳಿಯನ್ನು ನೋಡುವ ನೋಟ ಅದು. ನಾನೇ ಕದ್ದು ಔಷಧಿ ಹೊಡೆಸಿದ್ದೇನೆ ಎಂದುಕೊಂಡಿದ್ದರು. ವಿಚಾರಿಸಿದಾಗ ಗೊತ್ತಾಯಿತು, ಬೆಳಗ್ಗೆ ಬೇಗ ಬಂದ ಹೆಂಗಸರು ಆ ಪಾತಿಗಳ ಹುಳವನ್ನೆಲ್ಲ ಕೈಯಲ್ಲೇ ಆರಿಸಿ ಬಕೆಟ್ಟಿನ ನೀರಿಗೆ ಹಾಕಿದ್ದರು. ಮುಂದಾಳು ನನ್ನ ಅವ್ವ.

"ದೊಡ್ಡೋರು ನೋಡಕ ಬತ್ತಾರ ಅಂದ್ರ ಉಳ ಬಿದ್ದ ಒಲ ತೋರ್ಸಕ್ಕಾದ್ದಾ?" ಎಂದಳು ಅವ್ವ. "ಮನಗ ನೆಂಟ್ರು ಬತ್ತಾರ ಅಂದ್ರ ನೀನು ಕಸ ಗುಡ್ಸದ ಬುಟ್ಟೀಯಾ?"

ಜಮೀನುದಾರರು ಅವಳಿಗೆ ಹೇಳಲಿಲ್ಲ, ನನಗೆ ಹೇಳಿದರು. "ಏನಮ್ಮಿ, ನಿಮ್ಮವ್ವನ್ಗ ಅಷ್ಟೂ ತಿಳಿಯಾದಿಲ್ವಾ? ಕೂಲಿ ಮಾಡೋರ್ಗ ಇದೆಲ್ಲ ಏನ್ ಗೊತ್ತಾದ್ದು, ಬುಡು."

ಕೊನೆಗಂದ ಆ 'ಬುಡು' ಕೇಳಿ ನನಗೆ ಮೈಯೆಲ್ಲ ಉರಿಯಿತು. ಉರಿದದ್ದು ಅವರ ಮೇಲೆ. ತಿರುಗಿದ್ದು ಅವ್ವನ ಮೇಲೆ. ಕೋಣನ ಮೇಲಿನ ಸಿಟ್ಟನ್ನು ಕರುವಿನ ಮೇಲೆ ತೀರಿಸುವುದು ಸುಲಭ. ಇದ್ದದ್ದನ್ನು ಇದ್ದ ಹಾಗೆ ಬಿಡಬೇಕು, ರೋಗವನ್ನು ಮುಚ್ಚಿಟ್ಟು ಮದ್ದು ಕೇಳಿದರೆ ಯಾರು ತಾನೇ ಕೊಡುತ್ತಾರೆ ಎಂದು ಎಲ್ಲರೆದುರು ಪಾಠ ಹೇಳಿದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು.

"ಎದುರ್ಗ ನಿಂತ ಮಗಳ ಮೊಕವೇ ನಿಂಗ ಕಾಣಾದಿಲ್ಲ. ಉಳ ಎಂಗವ್ವ ಕಂಡ್ತು?" ಎಂದೆ. ಯಾರೋ ಕಿಸಕ್ಕನೆ ನಕ್ಕರು.

"ಉಳ ಕೀಳಕ ಕಣ್ಯಾಕಮ್ಮಿ? ಬೆಳ್ಳು ಸಾಕು," ಎಂದಳು ಅವ್ವ. ಆ ಎಣಿಕೆಯನ್ನು ವಿಜ್ಞಾನಿ ಅಡ್ಡಗೆರೆ ಎಳೆದು ಹೊಡೆದುಹಾಕಿದರು.

ಅದೇ ತಿಂಗಳು ನನ್ನ ಫೋನಿಗೆ ಒಂದು ಸಂದೇಶ ಬಂತು. ಹೊಲದಲ್ಲಿ ದುಡಿಯುವವರ ರೆಪ್ಪೆ ರೋಗದ ಮೇಲೆ ಸಂಶೋಧನೆ ಮಾಡುವ ಒಂದು ತಂಡ ಹಾಸನೂರಿಗೆ ಬರುತ್ತದೆ, ರೆಪ್ಪೆಕೂದಲು ಒಳಕ್ಕೆ ತಿರುಗಿದವರಿಗೆ ಆಪರೇಷನ್ ಮಾಡಿ, ಒಂದು ವರ್ಷ ನೋಡಿಕೊಳ್ಳುತ್ತದೆ. ನಾನೇ ಫೋನು ಮಾಡಿ ವಿಚಾರಿಸಿದೆ. ಮಾತಾಡಿದವಳು ಡಾಕ್ಟರೇ, ಹೆಚ್ಚುಕಮ್ಮಿ ನನ್ನ ವಯಸ್ಸಿನವಳು. ನಮ್ಮ ಬೆಟ್ಟ ತಮಿಳುನಾಡಿಗೆ ಸೇರಿದ್ದು, ಮನೆಯಲ್ಲಿ ಕನ್ನಡವಾದರೂ ಆಸ್ಪತ್ರೆ ಕಚೇರಿಗಳಲ್ಲಿ ತಮಿಳೇ. ನಾನೂ ಸಂಶೋಧನೆಯಲ್ಲಿದ್ದೇನೆ ಎಂದು ಒಳ್ಳೆಯ ತಮಿಳಿನಲ್ಲಿ ಹೇಳಿಕೊಂಡೆ. ಹುಳ ಎಣಿಸುತ್ತೇನೆ ಎನ್ನಲಿಲ್ಲ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಅವ್ವನನ್ನು ನೋಡಿದೆ. ಕಣ್ಣು ಕೆಂಪಗೆ, ರೆಪ್ಪೆಯ ಅಂಚಿಗೆ ಗೀಜು ಕಟ್ಟಿತ್ತು. ಇವಳನ್ನು ಆ ಡಾಕ್ಟರ ಎದುರು ಕೂರಿಸಿ 'ನಮ್ಮ ಅಮ್ಮ' ಎನ್ನಬೇಕಲ್ಲ ಎಂದು ಯೋಚಿಸಿದೆ. ದೊಡ್ಡವ್ವ ಕೂಲಿಗೆ ಹೋಗಿದ್ದಳು. ನಾನೇ ಒಲೆಯಿಂದ ಬೂದಿ ತಂದು, ಅವ್ವನನ್ನು ಬಾಗಿಲ ಕಲ್ಲಿನ ಮೇಲೆ ಕೂರಿಸಿದೆ.

"ಬ್ಯಾಡ ಕಣಮ್ಮಿ," ಎಂದಳು. "ನಾಳ ಡಾಕ್ಟ್ರು ನೋಡ್ಬೇಕಲ್ಲ. ಇರಾದ್ನ ಇರಂಗ ತೋರ್ಸು ಅಂತ ನೀನೇ ಅವತ್ತು ಒಲ್ದಲ್ಲಿ ಬಾಯ್ ಬಡ್ಕಂಡಲ್ಲ?"

"ಅದು ಬ್ಯಾರ, ಇದು ಬ್ಯಾರ. ಅವ್ರತ್ರ ಮಿಷನ್ನದ, ಕೂದ್ಲು ಇಲ್ದಿದ್ರೂ ಒಳ್ಗಿಂದು ಕಾಣ್ತದ. ಸುಮ್ನ ಕೂತ್ಕ."

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಹುಳ ಎಣಿಸಿ ಪಳಗಿದ ಕಣ್ಣು ನನ್ನದು, ದೊಡ್ಡವ್ವ ಬಿಡುತ್ತಿದ್ದ ಎಳೆ ಕೂದಲನ್ನೂ ಬಿಡದೆ ಕಿತ್ತೆ. ಮುಖ ತೊಳೆಸಿ, ತಲೆ ಬಾಚಿ, ನನ್ನದೇ ಒಂದು ಸೀರೆ ತೆಗೆದಿಟ್ಟೆ.

ಹಾಸನೂರಿನ ಛತ್ರವೊಂದರಲ್ಲಿ ತಂಡ ಕೂತಿತ್ತು. ಡಾಕ್ಟರು ಅವ್ವನ ರೆಪ್ಪೆಯನ್ನು ಮಗುಚಿ, ಬೆಳಕು ಬಿಟ್ಟು, ಕನ್ನಡಿಯಂಥದ್ದೊಂದರಿಂದ ಬಹಳ ಹೊತ್ತು ನೋಡಿದಳು. ಒಳಗೆ ಹಳೆಯ ಗಾಯದ ಗುರುತಿದೆ, ಆದರೆ ಕಣ್ಣಿಗೆ ತಾಗುವ ಒಂದು ಕೂದಲೂ ಇಲ್ಲವಲ್ಲ, ಕಿತ್ತಿದ್ದೀರಾ ಎಂದು ಕೇಳಿದಳು. ಆಪರೇಷನ್ನಿಗೆ ಮುಂಚೆ ಎಷ್ಟು ಕೂದಲು ಎಲ್ಲೆಲ್ಲಿ ತಾಗುತ್ತವೆ ಎಂದು ಎಣಿಸಿ ಫೋಟೋ ತೆಗೆಯಬೇಕಂತೆ. ಅದಿಲ್ಲದೆ ಪಟ್ಟಿಗೆ ಸೇರಿಸುವ ಹಾಗಿಲ್ಲವಂತೆ. ಒಳಗಿರುವುದನ್ನು ಕಾಣುವ ಮಿಷನ್ನು ಅವಳ ಬಳಿ ಇರಲಿಲ್ಲ. ಅಂಥದ್ದೊಂದು ಎಲ್ಲಿಯೂ ಇಲ್ಲ.

ಅವ್ವನಿಗೆ ಸಂತೆಯ ತಮಿಳು ಬರುತ್ತದೆ. ಈ ಬೆಟ್ಟದಲ್ಲಿ ಯಾರಿಗೆ ಬರುವುದಿಲ್ಲ? ಆದರೂ ಆಸ್ಪತ್ರೆಯ ತಮಿಳು ಅವಳಿಗೆ ತಿಳಿಯದು ಎಂದು ನಾನೇ ನಡುವೆ ನಿಂತು ಒಂದೊಂದನ್ನೂ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದೆ. ಡಾಕ್ಟರು ಎರಡು ಮಾತು ಹೇಳಿದಳು. ಆರು ವಾರದ ಮೇಲೆ ಮತ್ತೆ ಬರುತ್ತೇವೆ, ಅಲ್ಲಿಯವರೆಗೆ ಕೀಳದೆ ಬಿಡಿ, ಎಂಬುದು ಒಂದು. ನಡುವೆ ಕಣ್ಣು ಜಾಸ್ತಿ ಕೆಂಪಾದರೆ, ನೋವಾದರೆ, ಕೂದಲನ್ನು ಕಿತ್ತುಹಾಕಿ ಅವತ್ತೇ ಸತ್ಯಮಂಗಲದ ಆಸ್ಪತ್ರೆಗೆ ಬನ್ನಿ, ಪಟ್ಟಿಯ ಚಿಂತೆ ಬೇಡ, ಎಂಬುದು ಇನ್ನೊಂದು. ನಾನು ಮೊದಲನೆಯದನ್ನು ಹೇಳಿದೆ. ಎರಡನೆಯದನ್ನು ಹೇಳಲಿಲ್ಲ. ಹೇಳಿದರೆ ಅವ್ವ ಮರುದಿನವೇ 'ನೋವು' ಎಂದು ಚಿಮಟ ಹಿಡಿದು ಕೂರುತ್ತಾಳೆ, ಪಟ್ಟಿಯಿಂದ ಮತ್ತೆ ಹೊರಗೆ ಬೀಳುತ್ತಾಳೆ ಎಂಬುದು ನನ್ನ ಲೆಕ್ಕ. ಮರೆತೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಮರೆತಿರಲಿಲ್ಲ.

ಮನೆಗೆ ಬಂದವಳೇ ಎಲೆಅಡಿಕೆ ಚೀಲದಿಂದ ಚಿಮಟ ತೆಗೆದು ನನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಎರಡನೆಯ ವಾರಕ್ಕೆ ಕೂದಲು ಚಿಗುರಿತು. ಕಿತ್ತ ಮೇಲೆ ಬರುವ ಕೂದಲು ಮೊಂಡು, ಚುಚ್ಚುವುದು ಜಾಸ್ತಿ. ಅವ್ವ ಒದ್ದೆ ಬಟ್ಟೆಯನ್ನು ಕಣ್ಣಿಗೆ ಕಟ್ಟಿಕೊಂಡು ಕೂಲಿಗೆ ಹೋದಳು. ಮೂರನೆಯ ವಾರ ಬಿಸಿಲಿಗೆ ತಲೆಯೆತ್ತಲಾಗದೆ ಮನೆಯಲ್ಲೇ ಉಳಿದಳು. ನಾನು ಮೂರು ದಿನಕ್ಕೊಮ್ಮೆ ಫೋನಿನ ಬೆಳಕು ಬಿಟ್ಟು ಎಣಿಸುತ್ತಿದ್ದೆ. ಎಡಗಣ್ಣು ಏಳು, ಬಲಗಣ್ಣು ಐದು. ಹುಳದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡುತ್ತಿದ್ದೆ. ಡಾಕ್ಟರಿಗೆ ತೋರಿಸಿದರೆ ಮೆಚ್ಚಿಕೊಳ್ಳುತ್ತಾಳೆ ಎಂಬ ಆಸೆಯೂ ಇತ್ತು, ಸುಳ್ಳೇಕೆ.

"ನಾನ್ಯಾನ ಕೋಸಾ, ನೀನು ಎಣಸಕ?" ಎಂದು ಅವ್ವ ನನ್ನ ಕೈ ತಳ್ಳಿದಳು.

"ಒಸಿ ದಿನ ತಡ್ಕ. ಒಂದ್ಸಲ ಆಪ್ರೇಸನ್ ಆಗೋದ್ರ ಸಾಯಗಂಟ ಕೀಳಂಗಿಲ್ಲ."

"ಸಾಯಗಂಟ ಯಾಕ, ಇವಾಗ್ಲೇ ಸಾಯ್ತಿಂವ್ನಿ."

ಒಂದು ಬೆಳಗ್ಗೆ ಅವಳು ಒಲೆಯ ಮುಂದೆ ಕೂತು, ಬೂದಿ ಹಚ್ಚಿದ ಉಗುರುಗಳಲ್ಲೇ ತನ್ನ ರೆಪ್ಪೆಯನ್ನು ತಡಕುತ್ತಿರುವುದು ಕಂಡಿತು. ನಾನು ಕೈಯ ಮೇಲೆ ಹೊಡೆದೆ. ಹೆತ್ತವಳ ಕೈಗೆ, ಫಟ್ಟೆಂದು ಸದ್ದಾಗುವ ಹಾಗೆ. ಬಾಗಿಲಲ್ಲಿ ನಿಂತಿದ್ದ ದೊಡ್ಡವ್ವ ಅದನ್ನು ಕಂಡಳು.

"ಥೂ, ನೀನು ಎಣ್ಣಾ ರಾಕ್ಸಿಯಾ? ಎತ್ತವ್ವನ ಕಣ್ಣು ಉರೀತಾ ಅದ, ಚಿಮ್ಟ ಬಚ್ಚಿಟ್ಕಂಡು ಮೆರೀತಿದ್ದೀಯಲ್ಲ. ಕೊಡಮ್ಮಿ ಇಲ್ಲಿ, ನಾನ್ ಕೀಳ್ತೀನಿ."

"ಡಾಕ್ಟ್ರೇ ಏಳವ್ರ ಕೀಳ್ಬ್ಯಾಡಿ ಅಂತ. ನಿಂಗ್ಯಾನ ಗೊತ್ತು ದೊಡ್ಡವ್ವ, ಓಗು."

"ಓದಿದ್ದೀಯಲ್ಲ, ಎಲ್ಲಾನೂವೆ ನಿಂಗೇ ಗೊತ್ತು," ಎಂದು ಅವಳು ಹೋದಳು. ಆಮೇಲೆ ನಮ್ಮ ಹೊಸಿಲು ತುಳಿಯಲಿಲ್ಲ. ಅವ್ವ ಮಾತ್ರ ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು, ಏನನ್ನೋ ಕೇಳುವವಳ ಹಾಗೆ. ನಾನು ಪುಸ್ತಕ ತೆಗೆದುಕೊಂಡು ಹೊಲಕ್ಕೆ ಹೊರಟೆ.

ಐದು ವಾರ ಮುಗಿದ ಮೇಲೆ ಎಡಗಣ್ಣು ಕೆಂಡವಾಯಿತು. ಅವ್ವ ಊಟ ಬಿಟ್ಟಳು. ಮಗುಚಿ ನೋಡಿದಾಗ ಕರಿಗುಡ್ಡೆಯ ಮೇಲೆ ಅಕ್ಕಿನುಚ್ಚಿನಷ್ಟು ಬಿಳಿ ಚುಕ್ಕೆ. ಡಾಕ್ಟರ ಎರಡನೆಯ ಮಾತು ನನಗೆ ಚೆನ್ನಾಗಿ ನೆನಪಿಗೆ ಬಂತು. ಹಾಸನೂರಿನ ದಿನಕ್ಕೆ ಇನ್ನು ನಾಲ್ಕೇ ದಿನವಿತ್ತು. ಅಷ್ಟು ದಿನ ತಡೆದಿದ್ದಾಳೆ, ಈಗ ಕಿತ್ತರೆ ಆರು ವಾರದ ನೋವೂ ನೀರಲ್ಲಿ ಹೋಮವಾಗುತ್ತದೆ. ಮರುದಿನ ಹುಳದ ಎಣಿಕೆಯೂ ಇತ್ತು, ವಿಜ್ಞಾನಿ ಬರುವವರಿದ್ದರು. ಮರುದಿನ ಹೋದಾಗ ದಿಕ್ಕಿಲ್ಲದ ಪಾತಿಗಳು ಹುಳದಿಂದ ಗಿಜಿಗುಡುತ್ತಿದ್ದವು. ವಿಜ್ಞಾನಿ ಖುಷಿಯಿಂದ ನನ್ನ ಬೆನ್ನು ತಟ್ಟುವುದೊಂದು ಬಾಕಿ. ನಾನು ಕುರ್ಚಿಯಲ್ಲಿ ಕೂತು ಕಾಫಿ ಕುಡಿದೆ. ಆ ನಾಲ್ಕು ದಿನಕ್ಕೆ ನನ್ನ ಬಳಿ ಯಾವ ಸಮಜಾಯಿಷಿಯೂ ಇಲ್ಲ, ಹುಡುಕಿ ನೋಡಿದ್ದೇನೆ.

ಎರಡನೆಯ ಸಲ ಹಾಸನೂರಿಗೆ ಹೋಗುವಾಗ ಅವ್ವ ಬಸ್ಸಿನಲ್ಲಿ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡೇ ಕೂತಿದ್ದಳು. ಛತ್ರದಲ್ಲಿ ಡಾಕ್ಟರು ಕೈ ತೆಗೆಸಿ ನೋಡಿದವಳೇ ತನ್ನ ಸಹಾಯಕರನ್ನು ಕೂಗಿದಳು. ಹಳದಿ ಬಣ್ಣದ ಒಂದು ಹನಿ ಬಿಟ್ಟು ನೀಲಿ ಬೆಳಕು ಹಿಡಿದಾಗ ಆ ಚುಕ್ಕೆಯಿದ್ದ ಜಾಗ ಹಸಿರಾಗಿ ಹೊಳೆಯಿತು. ಕೂದಲು ಗೀಚಿ ಗೀಚಿ ಹುಣ್ಣಾಗಿದೆ, ಆಳಕ್ಕೆ ಇಳಿದಿದೆ ಎಂದಳು. ಹುಣ್ಣು ಮಾಯುತ್ತದೆ, ರೆಪ್ಪೆಯನ್ನೂ ಆಪರೇಷನ್ನಿನಲ್ಲಿ ಸರಿ ಮಾಡಬಹುದು, ಆದರೆ ಕಲೆ ಉಳಿಯುತ್ತದೆ, ಈ ಕಣ್ಣಿನಲ್ಲಿ ಇನ್ನು ಮೇಲೆ ಮಬ್ಬಾಗಿಯೇ ಕಾಣುವುದು. ನಾಲ್ಕು ದಿನ ಮುಂಚೆ ಬಂದಿದ್ದರೆ ಇಷ್ಟಾಗುತ್ತಿರಲಿಲ್ಲ. ನನ್ನ ಎಣಿಕೆಯ ಪುಸ್ತಕ ಚೀಲದಲ್ಲೇ ಇತ್ತು, ತೆಗೆಯಲಿಲ್ಲ.

ಡಾಕ್ಟರಿಗೆ ನಿಜಕ್ಕೂ ಸಿಟ್ಟು ಬಂದಿತ್ತು. ಕೆಂಪಾದರೆ ಕೂದಲು ಕಿತ್ತು ಅವತ್ತೇ ಬನ್ನಿ ಎಂದು ಅಷ್ಟು ಬಿಡಿಸಿ ಹೇಳಿದ್ದೆನಲ್ಲ, ಯಾಕೆ ಬರಲಿಲ್ಲ ಎಂದು ತಮಿಳಿನಲ್ಲಿ ಕೇಳಿದಳು. ಕೇಳಿದ್ದು ನನ್ನನ್ನು. ನಾನು ಬಾಯಿ ತೆರೆದೆ.

ಅವ್ವನೇ ಹೇಳಿದಳು, ನನ್ನನ್ನು ಕಾಯದೆ, ಆಸ್ಪತ್ರೆಯ ತಮಿಳಿಗೆ ತನ್ನ ಸಂತೆಯ ತಮಿಳಿನಲ್ಲೇ ಉತ್ತರ. "ಪುಳ್ಳ ಸೊನ್ನಾ, ಡಾಕ್ಟರಮ್ಮಾ. ನಾಂದಾನ್ ಪೋಗಲೆ."

ಮಗಳು ಹೇಳಿದಳು, ನಾನೇ ಹೋಗಲಿಲ್ಲ.

ಹಾಗಾದರೆ ಅವ್ವನಿಗೆ ಮೊದಲ ಸಲ ಬಂದ ದಿನವೇ ಎಲ್ಲವೂ ತಿಳಿದಿತ್ತು. ಎರಡನೆಯ ಮಾತೂ ಕೇಳಿಸಿತ್ತು. ನಾನು ಅದನ್ನು ನುಂಗಿದ್ದೂ ಕೇಳಿಸಿತ್ತು. ಆರು ವಾರ ಅದನ್ನು ನನ್ನ ಬಾಯಿಂದ ಕೇಳಲು ಕಾದು ಕೂತಿದ್ದಳು. ನಾನು ಅವಳ ಕಡೆ ತಿರುಗಿದೆ. ಅವ್ವ ನನ್ನನ್ನು ನೋಡಲಿಲ್ಲ, ಡಾಕ್ಟರ ಕೈಯ ಪೆನ್ನನ್ನೇ ನೋಡುತ್ತಿದ್ದಳು.

ಡಾಕ್ಟರು ಫಾರಂ ತುಂಬಿದಳು. ಬೇರೆಯವರು ಬರೆಯುವುದನ್ನು ಎದುರು ಕೂತು ತಲೆಕೆಳಗಾಗಿ ಓದುವುದು ನನಗೆ ಕೆಲಸದಿಂದ ಬಂದ ಅಭ್ಯಾಸ. ಕಣ್ಣು ಕೆಡಲು ಕಾರಣ ಎಂಬ ಸಾಲಿನ ಎದುರು, ಕೊಟ್ಟ ಸಲಹೆಯನ್ನು ರೋಗಿ ಪಾಲಿಸಿಲ್ಲ, ನಿರ್ಲಕ್ಷ್ಯ, ಎಂದು ಬರೆದಳು. ಕೆಳಗೆ ಅವ್ವನ ಹೆಬ್ಬೆಟ್ಟು ಒತ್ತಿಸಿ, ಹಾಳೆಯನ್ನು ನನ್ನ ಕಡೆ ತಿರುಗಿಸಿ, ಸಾಕ್ಷಿ ಎಂದಿರುವ ಕಡೆ ರುಜು ಹಾಕಿ ಎಂದಳು. ಒಂದು ಮಾತು ಹೇಳಲು ಆಗ ಸಮಯವಿತ್ತು. ಹಿಂದೆ ಸಾಲಿನಲ್ಲಿ ಯಾರೂ ಗದ್ದಲ ಮಾಡುತ್ತಿರಲಿಲ್ಲ, ಡಾಕ್ಟರೂ ಅವಸರಪಡಿಸಲಿಲ್ಲ. ನಾನು ಪೆನ್ನು ತೆಗೆದುಕೊಂಡು ಪೂರ್ತಿ ಹೆಸರು ಬರೆದು, ಹೆಸರಿನ ಪಕ್ಕ ನನ್ನ ಡಿಪ್ಲೊಮಾವನ್ನೂ ಬರೆದು ಕೊಟ್ಟೆ.